‘ಗೋಲು ತಪ್ಪಿಸಿದರು’ ಎಂದರೆ ಯಾರು, ಏನನ್ನು?

ಪ್ರಶ್ನೆ: ಇಟಲಿಯ ಫುಟ್‌ಬಾಲ್ ಆಟಗಾರರೊಬ್ಬರ ಪರಿಚಯ ಲೇಖನದ ಕರಡಿನಲ್ಲಿ ಹೀಗಿದೆ: ‘1994ರ ವಿಶ್ವಕಪ್ ಫೈನಲ್‌ನಲ್ಲಿ ಫಾರ್ವರ್ಡ್ ಆಟಗಾರ ರಾಬರ್ಟೊ ಬ್ಯಾಗಿಯೊ ಕೊನೆಯ ಪೆನಾಲ್ಟಿ ತೆಗೆದುಕೊಂಡು ಗೋಲು ತಪ್ಪಿಸಿದರು. ದೈವಿಕ ಕುದುರೆಬಾಲ ಎಂದು ಖ್ಯಾತರಾಗಿದ್ದ ಅವರು ಇಟಲಿಯನ್ನು ಸೋಲಿಸಿದರು.’ ಓದುವಾಗ ಕಾಲಿಗೆ ಏನೋ ತೊಡರಿದಂತಾಗುತ್ತದೆ. ‘ತಪ್ಪಿಸು’, ‘ಫಾರ್ವರ್ಡ್’, ‘ಕುದುರೆಬಾಲ’ ಇವಕ್ಕೆ ಒಗ್ಗುವ ಮಾತು ಯಾವುದು? ಹೆಸರಿನ ಉಚ್ಚಾರವನ್ನೂ ತಿಳಿಸಿ.

ಉತ್ತರ 1: ತೊಡರುವುದು ಕ್ರಿಯಾಪದಗಳು. ಬಸ್ಸು ತಪ್ಪುತ್ತದೆ, ಹುಡುಗ ಶಾಲೆ ತಪ್ಪಿಸುತ್ತಾನೆ. ‘ತಪ್ಪಿಸು’ ಬಂದ ಕೂಡಲೇ ಅಲ್ಲೊಂದು ಉದ್ದೇಶ ಬಂದುಬಿಡುತ್ತದೆ. ಗೋಲು ತಪ್ಪಿಸುವುದು ಗೋಲ್‌ಕೀಪರ್‌ನ ಕೆಲಸ. ಒದೆಯುವವನು ತಪ್ಪಿಸಿದ ಎಂದರೆ ಎದುರಾಳಿಯಿಂದ ದುಡ್ಡು ತಿಂದ ಎಂದಂತೆ! ‘ಪೆನಾಲ್ಟಿ ತೆಗೆದುಕೊಂಡು’ ಇನ್ನೊಂದು ಎಡವಟ್ಟು: ದಂಡ ಕಟ್ಟಿಸಿಕೊಂಡ ಹಾಗೆ ಕೇಳಿಸುತ್ತದೆ. ‘ಪೆನಾಲ್ಟಿ ಒದ್ದರು’ ಅಂದರೆ ಸಾಕು.

ಅಂದು, ಜುಲೈ 17ರಂದು, ಪ್ಯಾಸಡೀನಾದಲ್ಲಿ 120 ನಿಮಿಷ ಆಡಿದರೂ ಬ್ರೆಜಿಲ್, ಇಟಲಿ ಎರಡಕ್ಕೂ ಗೋಲಿಲ್ಲ. ಗೆಲುವು ತೀರ್ಮಾನಿಸಲು ಸರದಿಯಂತೆ ಪೆನಾಲ್ಟಿ ಒದೆಯುವ ಶೂಟೌಟ್‌ನಲ್ಲಿ ಇಟಲಿಯ ಮೂವರು ವಿಫಲರಾದರು, ಆದರೆ ಮೂವರಿಗೂ ಒಂದೇ ಕ್ರಿಯಾಪದ ಹೊಂದದು. ಬರೇಸಿ ಮತ್ತು ಬಜ್ಜೊ (ಕರಡಿನ ‘ಬ್ಯಾಗಿಯೊ’ ಇವರೇ, ಉಚ್ಚಾರದ ಮಾತು ಮುಂದಿದೆ) ಒದ್ದ ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿಹೋಯಿತು. ಮಸ್ಸಾರೊ ಒದ್ದದ್ದನ್ನು ಬ್ರೆಜಿಲ್‌ನ ಗೋಲ್‌ಕೀಪರ್ ತಫಾರೆಲ್ ತಡೆದರು. ಮೊದಲ ಇಬ್ಬರ ಬಗ್ಗೆ ‘ತಡೆದರು’ ಬರೆದರೆ ಸುಳ್ಳು, ಮೂರನೆಯವರ ಬಗ್ಗೆ ‘ಗುರಿ ತಪ್ಪಿತು’ ಬರೆದರೂ ಸುಳ್ಳು. ‘ಇಟಲಿಯನ್ನು ಸೋಲಿಸಿದರು’ ಎಂಬುದು ಭಾಷೆಯಲ್ಲೂ ಲೆಕ್ಕದಲ್ಲೂ ತಪ್ಪು. ಬಜ್ಜೊ ಚುಕ್ಕಿಯ ಬಳಿ ಬಂದಾಗಲೇ ಬ್ರೆಜಿಲ್ 3–2ರಿಂದ ಮುಂದಿತ್ತು. ಅವರು ಗೋಲು ಹೊಡೆದಿದ್ದರೂ 3–3, ಬ್ರೆಜಿಲ್‌ಗೆ ಇನ್ನೂ ಒಂದು ಒದೆತ ಬಾಕಿ. ಅಂದಹಾಗೆ, ಆ ಟೂರ್ನಿಯ ನಾಕೌಟ್ ಪಂದ್ಯಗಳಲ್ಲಿ ನೈಜೀರಿಯ ವಿರುದ್ಧ ಎರಡು, ಸ್ಪೇನ್ ವಿರುದ್ಧ ಒಂದು, ಬಲ್ಗೇರಿಯ ವಿರುದ್ಧ ಎರಡು ಗೋಲು ಹೊಡೆದು ಇಟಲಿಯನ್ನು ಫೈನಲ್‌ಗೆ ಮುಟ್ಟಿಸಿದವರೂ ಅವರೇ.

ಹೆಸರು: ಇಟಲಿಯ ಭಾಷೆಯಲ್ಲಿ ಇಲ್ಲಿನ ‘ಜಿ’ಯ ಇಕಾರ ಉಚ್ಚಾರವಾಗುವುದಿಲ್ಲ, ವ್ಯಂಜನ ಒತ್ತಿ ಬರುತ್ತದೆ. ಆದ್ದರಿಂದ ರೊಬೆರ್ತೊ ಬಜ್ಜೊ. ಬಜ್ಜಿ ನೆನಪಾದರೆ ಆಗಲಿ, ಉಚ್ಚಾರ ಮರೆಯುವುದಿಲ್ಲ. 1967ರಲ್ಲಿ ಅವರು ಹುಟ್ಟಿದ ಊರು ಕಲ್ದೊಞ್ಞೊ. ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ‘ಞ’ಕ್ಕೆ ಅಪರೂಪಕ್ಕೆ ಸಿಕ್ಕ ಕೆಲಸ.

‘ಫಾರ್ವರ್ಡ್’ ಹಾಗೇ ಇರಲಿ, ಓದುಗರಿಗೆ ಗೊತ್ತಿರುವ ಪದ. ಕನ್ನಡವೇ ಬೇಕೆಂದರೆ ‘ಮುಂಚೂಣಿ ಆಟಗಾರ’. ‘ಸ್ಟ್ರೈಕರ್’ ಮಾತ್ರ ಬಜ್ಜೊಗೆ ಸರಿಹೋಗದು. ಇಟಲಿಯವರು ಮುಂಚೂಣಿಯನ್ನು ‘ಪೂಂತ’, ಅಂದರೆ ಮೊನೆ, ಎನ್ನುತ್ತಾರೆ. ಗೋಲಿನೆದುರೇ ಕಾಯುವವನು ಪ್ರೀಮ ಪೂಂತ, ಮೊದಲ ಮೊನೆ. ಅವನ ಹಿಂದೆ ಸುಳಿದಾಡುವವನು ಸೆಕೊಂದ ಪೂಂತ, ಎರಡನೇ ಮೊನೆ. ಇನ್ನೂ ಹಿಂದೆ, ಮೈದಾನದ ಮುಕ್ಕಾಲು ಭಾಗದ ಗೆರೆಯಲ್ಲಿ ಆಟ ಕಟ್ಟುವವನು ‘ತ್ರೆಕ್ವಾರ್ತೀಸ್ತ’. ಆ ಪದದೊಳಗೆ ಇರುವುದೇ ‘ಮುಕ್ಕಾಲು’. ಬಜ್ಜೊ ಈ ಕೊನೆಯ ಎರಡರ ನಡುವಿನವರು. ಅಂಗಿಯ ಮೇಲಿನ ಅಂಕಿಗಳಲ್ಲಿ 9 ಎಂಬುದು ಗೋಲು ಹೊಡೆಯುವವನದು, 10 ಎಂಬುದು ಆಟ ಕಟ್ಟುವವನದು. ಫ್ರಾನ್ಸಿನ ಹಿಂದಿನ ತಾರೆ ಪ್ಲಾತಿನಿ ಅವರು ಬಜ್ಜೊರನ್ನು ‘ಒಂಬತ್ತೂವರೆ’ ಎಂದದ್ದು ಅದಕ್ಕೇ. ಹಳಗನ್ನಡದಲ್ಲಿ ‘ಮೊನೆ’ಗೆ ಯುದ್ಧವೆಂಬ ಅರ್ಥವೂ ಇದೆ, ‘ಮೊನೆಗಾರ’ ಎಂದರೆ ವೀರ. ತಲೆಬರಹಕ್ಕೆ ಅದು ಚೆನ್ನ. ವರದಿಯ ನಡುವೆ ಬಂದರೆ ನಾಟಕದ ಮಾತಾಗುತ್ತದೆ.

ಉತ್ತರ 2: ಕುದುರೆಬಾಲದ ಬಗ್ಗೆ. ಅಡ್ಡಹೆಸರಿನ ಮೂಲ ‘ಇಲ್ ದಿವೀನ್ ಕೊದೀನೊ’. ಕೊದೀನೊ ಎಂದರೆ ಪುಟ್ಟ ಬಾಲ, ಅಲ್ಲಿ ಕುದುರೆ ಇಲ್ಲ. ಅದು ಇಂಗ್ಲಿಷಿನಿಂದ ಓಡಿಬಂದದ್ದು. ಬರೀ ‘ಬಾಲ’ ಎಂದರೆ ಕನ್ನಡದಲ್ಲಿ ಯಾರದೋ ಹಿಂಬಾಲಕ. ಉಳಿಯುವುದು ‘ಜುಟ್ಟು’: ಹಿಂದಲೆಯಿಂದ ಇಳಿಬಿದ್ದ ಸಣ್ಣ ಕೂದಲಿನ ಕಟ್ಟಿಗೆ ಅದೇ ಸಹಜ. ‘ಶಿಖೆ’, ‘ಚಂಡಿಕೆ’ ಬೇಡ. ಬಜ್ಜೊ ಬೌದ್ಧ ಧರ್ಮ ಸ್ವೀಕರಿಸಿದವರು. ಆ ಪದಗಳನ್ನು ಹಾಕಿದರೆ ಕೂದಲೂ ವ್ರತದ ಭಾಗವೆಂದು ಓದುಗರು ತಿಳಿದಾರು. ಇಟಲಿಯಲ್ಲಿ ‘ಕೊದೀನೊ’ಗೆ ಹಳೆಯ ರಾಜಕೀಯ ಅರ್ಥವೂ ಉಂಟು: ಕಾಲ ಬದಲಾದರೂ ಹಳೇ ಅರಸೊತ್ತಿಗೆಗೇ ಜೋತುಬಿದ್ದವನು. ಅಂಥವರ ಟೋಪನ್‌ಗಳಿಗೆ ಬಾಲವಿರುತ್ತಿತ್ತು. ಇಲ್ಲಿ ಆ ಅರ್ಥ ಬೇಕಿಲ್ಲ. ‘ದೈವಿಕ’ಕ್ಕಿಂತ ‘ದಿವ್ಯ’ ಹಗುರ. ಇನ್ನು, ಇಟಲಿಯವರು ಆಳನ್ನೇ ‘ಜುಟ್ಟು’ ಎಂದು ಕರೆದರೂ ಕನ್ನಡದಲ್ಲಿ ‘ಜುಟ್ಟಿನವ’ ಆಗಬೇಕು, ಇಲ್ಲವಾದರೆ ಮನುಷ್ಯ ಕಳೆದು ಕೂದಲಷ್ಟೇ ಉಳಿಯುತ್ತದೆ.

ಕರಡು ಹೀಗಾಗಬಹುದು: ‘1994ರ ವಿಶ್ವಕಪ್ ಫೈನಲ್‌ನ ಶೂಟೌಟ್‌ನಲ್ಲಿ ಇಟಲಿಯ ಕೊನೆಯ ಪೆನಾಲ್ಟಿ ಒದ್ದವರು ರೊಬೆರ್ತೊ ಬಜ್ಜೊ. ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿತು, ಕಪ್ ಬ್ರೆಜಿಲ್ ಪಾಲಾಯಿತು. ಇಟಲಿಯವರಿಗೆ ಅವರು “ದಿವ್ಯ ಜುಟ್ಟಿನವ”.’