ಸಹಾಯ ಬೇಕು: ನ್ಯೂಜಿಲೆಂಡ್ ಉಪಪ್ರಧಾನಿಯ ಕೆಲಸವೇನು?

ನಮಸ್ಕಾರ. ನ್ಯೂಜಿಲೆಂಡ್‌ನಲ್ಲಿರುವ ಕನ್ನಡಿಗರು ಯಾರಾದರೂ ಇದ್ದೀರಾ? ಮಗಳು ಕಾಲೇಜಿನಲ್ಲಿ ಅಲ್ಲಿನ ಉಪಪ್ರಧಾನಿ ಹುದ್ದೆ ಬಗ್ಗೆ ಸೆಮಿನಾರ್ ಕೊಡಬೇಕು.

2018ರಲ್ಲಿ ಅಲ್ಲಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಹೆರಿಗೆ ರಜೆಯಲ್ಲಿದ್ದಾಗ ಉಪಪ್ರಧಾನಿ ವಿನ್‌ಸ್ಟನ್ ಪೀಟರ್ಸ್ ಆರು ವಾರ ಹಂಗಾಮಿ ಪ್ರಧಾನಿಯಾಗಿದ್ದರು. ಆದರೆ ದೊಡ್ಡ ವಿಷಯ ಬಂದರೆ ಆರ್ಡರ್ನ್ ಅವರನ್ನು ಕೇಳಿಯೇ ಮುಂದುವರಿಯಬೇಕು ಅಂತ ಮೊದಲೇ ಮಾತಾಗಿತ್ತು. 2023ರ ಮೈತ್ರಿ ಸರ್ಕಾರದಲ್ಲಂತೂ ಎರಡು ಮಿತ್ರಪಕ್ಷಗಳ ನಾಯಕರು ಹುದ್ದೆಯನ್ನೇ ಹಂಚಿಕೊಂಡರು: ಮೊದಲು ಪೀಟರ್ಸ್, 2025ರ ಮೇ 31ರಿಂದ ಡೇವಿಡ್ ಸೀಮೋರ್. ಅಷ್ಟು ಜಗ್ಗಾಡುವ ಕುರ್ಚಿ ಅಂದರೆ ಸುಮ್ನೆ ಹೆಸರಿಗಿರಲ್ಲ, ಅಲ್ವಾ?

ಪ್ರಧಾನಿ ಊರಲ್ಲೇ ಇರುವಾಗ ಉಪಪ್ರಧಾನಿಗೆ ದಿನನಿತ್ಯದ ಕೆಲಸ ಏನಿರುತ್ತದೆ? ಸಂಸತ್ತಿನ ಪ್ರಶ್ನೋತ್ತರ ನೋಡುವವರು, ಅಲ್ಲಿನ ಪೇಪರ್ ಓದುವವರು ನಾಲ್ಕು ಸಾಲು ಬರೆಯಿರಿ. ಲಿಂಕ್ ಬೇಡ, ಕಂಡದ್ದನ್ನು ಹೇಳಿದರೆ ಸಾಕು. ಸೆಮಿನಾರ್ ಇರುವುದು ಸೋಮವಾರ.