ಮರಿಯ ಕಾಟಕ್ಕೆ ದೊಡ್ಡ ನಾಯಿ ಸುಸ್ತು, ಏನು ಮಾಡೋದು?

ಪ್ರಶ್ನೆ: ನಮ್ಮ ಮರಿಗೆ 4 ತಿಂಗಳು, ದೊಡ್ಡವಳಿಗೆ 11 ವರ್ಷ, ತುಂಬಾ ಸಾಧು. ಇವನು ಅವಳ ಕಿವಿ ಕಚ್ಚಿ ಎಳೆಯುತ್ತಾನೆ, ಮಲಗಿದರೆ ಮೈಮೇಲೆ ಹಾರುತ್ತಾನೆ. ಅವಳು ಮುಖ ತಿರುಗಿಸಿ, ತುಟಿ ನೆಕ್ಕಿಕೊಂಡು, ಸುಮ್ನೆ ಎದ್ದು ಹೋಗುತ್ತಾಳೆ. ಅವಳೇ ಬುದ್ಧಿ ಕಲಿಸಲಿ ಅಂತ ಬಿಟ್ಟುಬಿಡಬಹುದಾ?

ಉತ್ತರ 1: ಬಿಡಬೇಡಿ. ಮುಖ ತಿರುಗಿಸೋದು, ತುಟಿ ನೆಕ್ಕೋದು ಎಲ್ಲಾ ‘ಸಾಕು ಮಾಡು’ ಅನ್ನೋದೇ, ಮರಿಗೆ ಅದು ಇನ್ನೂ ತಲೆಗೆ ಹೋಗಿಲ್ಲ, ಹಾಗಾಗಿ ನಡುವೆ ನೀವೇ ಬರಬೇಕು. ಮನೆಯೊಳಗೂ ಅವನಿಗೆ ಹಗುರವಾದ ಲೀಶ್ ಹಾಕಿ. ಅವಳತ್ತ ನುಗ್ಗುವ ಮೊದಲೇ ಹೆಸರು ಕರೆಯಿರಿ, ತಿರುಗಿ ನೋಡಿದ ಕೂಡಲೇ ಚೂರು ತಿಂಡಿ ಕೊಡಿ. ಕೇಳದಿದ್ದರೆ ಬೈಯದೆ ಸ್ವಲ್ಪ ಹೊತ್ತು ಆಚೆ ಕರೆದುಕೊಂಡು ಹೋಗಿ. (ನೀವು ಇಲ್ಲದಾಗ ಲೀಶ್ ಬಿಚ್ಚಿಡಿ, ಎಲ್ಲಾದರೂ ಸಿಕ್ಕಿಕೊಳ್ಳುತ್ತೆ.)

ಉತ್ತರ 2: ಅವಳು ಗುರ್ ಅಂದರೆ ಅವಳನ್ನು ಗದರಬೇಡಿ. ಅದು ಎಚ್ಚರಿಕೆ, ಅದನ್ನೂ ಅಡಗಿಸಿದರೆ ಮುಂದೆ ನೇರ ಕಚ್ಚೋದೇ! ಮರಿ ಬರಲಾಗದ ಒಂದು ಮೂಲೆ ಅವಳಿಗೆ ಬೇಕೇ ಬೇಕು. ಊಟದ ತಟ್ಟೆಗಳೂ ದೂರ ಇರಲಿ. ಈ ವಯಸ್ಸಿಗೆ ಕೀಲುನೋವು ಸಾಮಾನ್ಯ, ಡಾಕ್ಟರಿಗೆ ಒಮ್ಮೆ ತೋರಿಸಿ.

ಉತ್ತರ 3: ಮರಿ ಸರಿಯಾಗಿ ನಿದ್ದೆ ಮಾಡುತ್ತಾ? ಈ ವಯಸ್ಸಿಗೆ ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಬೇಕು, ಕಮ್ಮಿಯಾದರೆ ಹುಚ್ಚಾಟ ಜಾಸ್ತಿ. ಸಂಜೆ ಕುಣಿತ ಶುರುವಾದರೆ ಆಟ ಆಡಿಸೋ ಬದಲು ಮಲಗಿಸಿ ನೋಡಿ.