ಬಾಕಿ ಇಲ್ಲದ ಸದಸ್ಯರನ್ನು ಬಿಟ್ಟು ಮೇಲ್ ಮರ್ಜ್ ಮಾಡುವುದು ಹೇಗೆ?

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಪಶು ಆಹಾರವನ್ನು ಸಾಲವಾಗಿ ಪಡೆದವರಿಗೆ, ಹಾಲಿನ ಬಟವಾಡೆಯಲ್ಲಿ ಮುರಿದುಕೊಂಡ ಮೇಲೂ ಉಳಿದಿರುವ ಬಾಕಿಯನ್ನು ತಿಳಿಸುವ ಪತ್ರ ಕಳುಹಿಸಬೇಕಾಗಿದೆ. ಎಕ್ಸೆಲ್ ಹಾಳೆಯಲ್ಲಿ ಎಲ್ಲ ಸದಸ್ಯರ ಹೆಸರು, ಗ್ರಾಮ, ಬಾಕಿ ಮೊತ್ತ ಮತ್ತು ಸದಸ್ಯತ್ವದ ಸ್ಥಿತಿ ಇವೆ. ಬಾಕಿ ಸೊನ್ನೆ ಇರುವವರಿಗೂ ಸದಸ್ಯತ್ವ ರದ್ದಾದವರಿಗೂ ಪತ್ರ ಹೋಗಬಾರದು. ಪೂರ್ತಿ ತೀರಿಸಿದವರ ಮನೆಗೆ ಬಾಕಿಯ ಪತ್ರ ತಲುಪಿದರೆ ಅವರಿಗಾಗುವ ನೋವು ಸಣ್ಣದಲ್ಲ. ವರ್ಡ್‌ನ ಮೇಲ್ ಮರ್ಜ್‌ನಲ್ಲಿ (ಪಟ್ಟಿಯಿಂದ ಒಬ್ಬೊಬ್ಬರ ವಿವರ ತುಂಬಿ ಪತ್ರ ತಯಾರಿಸುವ ಸೌಲಭ್ಯದಲ್ಲಿ) ಷರತ್ತಿಗೆ ಹೊಂದುವ ದಾಖಲೆಯನ್ನು ಬಿಟ್ಟುಬಿಡುವ ‘ಸ್ಕಿಪ್ ರೆಕಾರ್ಡ್ ಇಫ್’ ನಿಯಮ ಹಾಕಿದರೂ ಪ್ರಿವ್ಯೂನಲ್ಲಿ ಅವರೆಲ್ಲರ ಹೆಸರೂ ಬರುತ್ತಿದೆ. ಸ್ಥಿತಿಯ ಕಾಲಂನಲ್ಲಿ ‘ರದ್ದು’ ಎಂದಿರುವವರಂತೂ ಅಂತಿಮ ಪ್ರತಿಯಲ್ಲೂ ಉಳಿಯುತ್ತಾರೆ. ವಿಳಾಸದ ಲೇಬಲ್‌ಗಳನ್ನೂ ಇದೇ ಪಟ್ಟಿಯಿಂದ ಮುದ್ರಿಸಬೇಕು.

ಉತ್ತರ 1 (ಚಿಂತಾಮಣಿ)

ಪ್ರಿವ್ಯೂ ಕಂಡು ಗಾಬರಿಯಾಗಬೇಡಿ. ಆ ನಿಯಮ ಅಲ್ಲಿ ಕೆಲಸ ಮಾಡುವುದಿಲ್ಲ. ‘ಫಿನಿಶ್ ಆ್ಯಂಡ್ ಮರ್ಜ್’ ಒತ್ತಿ ‘ಎಡಿಟ್ ಇಂಡಿವಿಜುವಲ್ ಡಾಕ್ಯುಮೆಂಟ್ಸ್’ ಆರಿಸಿದಾಗ ಸೊನ್ನೆ ಬಾಕಿಯವರು ಬಿಟ್ಟುಹೋಗುತ್ತಾರೆ. ನೇರವಾಗಿ ಪ್ರಿಂಟರ್‌ಗೆ ಕಳುಹಿಸದೆ ಹೀಗೆ ಹೊಸ ಕಡತ ಮಾಡಿ ಓದಿ ನೋಡುವುದೇ ಕ್ಷೇಮ.

ಉತ್ತರ 2 (ಗೌರಿಬಿದನೂರು)

‘ರದ್ದು’ ಎಂಬುದು ಹೊಂದಿಕೆಯಾಗದಿರುವುದಕ್ಕೆ ಕಾರಣ ಬೇರೆ ಇರಬಹುದು. ಪಟ್ಟಿಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ನಿಯಮದಲ್ಲಿ ನೀವು ಯುನಿಕೋಡ್‌ನಲ್ಲಿ (ಕನ್ನಡ ಅಕ್ಷರಗಳಿಗೇ ಪ್ರತ್ಯೇಕ ಸಂಕೇತವಿರುವ ಪದ್ಧತಿಯಲ್ಲಿ) ಬರೆದ ‘ರದ್ದು’ ಅದಕ್ಕೆ ಎಂದಿಗೂ ಸಮವಾಗುವುದಿಲ್ಲ. ಒಂದು ಕೋಶದ ಫಾಂಟನ್ನು ಯುನಿಕೋಡ್ ಫಾಂಟಾದ ತುಂಗಾಕ್ಕೆ ಬದಲಿಸಿ ನೋಡಿದರೆ ಇದು ತಿಳಿಯುತ್ತದೆ. ಅಕ್ಷರ ಸರಿಯಾಗಿಯೇ ಇದ್ದರೆ ಪದದ ಕೊನೆಯಲ್ಲಿ ಖಾಲಿ ಜಾಗ ಸೇರಿದೆಯೇ ಎಂದು ಪರೀಕ್ಷಿಸಿ.

ಯಾರಿಗೆ ಪತ್ರ ಹೋಗಬೇಕೆಂಬ ತೀರ್ಮಾನ ವರ್ಡ್‌ನಲ್ಲಲ್ಲ, ಎಕ್ಸೆಲ್‌ನಲ್ಲೇ ಆಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ‘ಕಳುಹಿಸಿ’ ಎಂಬ ಹೊಸ ಕಾಲಂ ಮಾಡಿ, ಇಫ್ ಮತ್ತು ಆ್ಯಂಡ್ ಸೂತ್ರಗಳಿಂದ, ಬಾಕಿ ಸೊನ್ನೆಗಿಂತ ಹೆಚ್ಚಿದ್ದು ಸ್ಥಿತಿ ‘ರದ್ದು’ ಅಲ್ಲದಿದ್ದರೆ 1, ಇಲ್ಲವಾದರೆ 0 ಬರುವಂತೆ ಮಾಡಿ. ಸೂತ್ರದಲ್ಲಿ ಪದವನ್ನು ಟೈಪ್ ಮಾಡದೆ, ಪಟ್ಟಿಯಿಂದಲೇ ‘ರದ್ದು’ವನ್ನು ಒಂದು ಪ್ರತ್ಯೇಕ ಕೋಶಕ್ಕೆ ನಕಲಿಸಿ ಅದರೊಂದಿಗೆ ಹೋಲಿಸಿದರೆ ಫಾಂಟಿನ ತೊಡಕು ಇರುವುದಿಲ್ಲ. ಬಳಿಕ ವರ್ಡ್‌ನ ‘ಎಡಿಟ್ ರೆಸಿಪಿಯೆಂಟ್ ಲಿಸ್ಟ್’ನಲ್ಲಿ ಫಿಲ್ಟರ್ ಆರಿಸಿ, ‘ಕಳುಹಿಸಿ’ 1 ಇರುವವರನ್ನಷ್ಟೇ ಉಳಿಸಿಕೊಳ್ಳಿ. ಆಗ ಪ್ರಿವ್ಯೂನಲ್ಲೂ ಅವರೇ ಕಾಣುತ್ತಾರೆ.

ಲೇಬಲ್‌ಗಳಿಗಂತೂ ಸ್ಕಿಪ್ ನಿಯಮ ಬೇಡ. ಆ ನಿಯಮ ಷರತ್ತು ನಿಜವಾದಾಗ ಆಗ ತಯಾರಾಗುತ್ತಿರುವ ಪ್ರತಿಯನ್ನೇ ರದ್ದುಮಾಡಿ ಮುಂದಿನ ದಾಖಲೆಯಿಂದ ಹೊಸದನ್ನು ಆರಂಭಿಸುತ್ತದೆ. ಒಂದೇ ಹಾಳೆಯಲ್ಲಿ, ಮುಂದಿನ ದಾಖಲೆಗೆ ಹೋಗುವ ‘ನೆಕ್ಸ್ಟ್ ರೆಕಾರ್ಡ್’ ಮೂಲಕ ಹಲವು ವಿಳಾಸ ಬರುವ ಕಡೆ, ಬೇಕಾದವರ ವಿಳಾಸವೂ ಅದರೊಂದಿಗೆ ಹೋಗಬಹುದು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಪಟ್ಟಿ ಹಳೆಯ ನುಡಿ ಫಾಂಟಿನಲ್ಲೇ ಇದೆ. ಬಾಕಿಯ ಕಾಲಂನಲ್ಲಿ ಕೆಲವೆಡೆ ಖಾಲಿ ಬಿಟ್ಟಿದ್ದಾರೆ, ಕೆಲವೆಡೆ ‘ಇಲ್ಲ’ ಎಂದು ಬರೆದಿದ್ದಾರೆ. ಇದರಿಂದ ತೊಂದರೆಯಾಗುತ್ತದೆಯೇ?

ಉತ್ತರ 2 ಬರೆದವರು

ಖಾಲಿ ಕೋಶದಿಂದ ತೊಂದರೆಯಿಲ್ಲ, ಅದಕ್ಕೆ 0 ಬರುತ್ತದೆ. ಆದರೆ ಹೋಲಿಕೆಯಲ್ಲಿ ಎಕ್ಸೆಲ್ ಯಾವುದೇ ಪದವನ್ನು ಎಲ್ಲ ಅಂಕಿಗಳಿಗಿಂತ ದೊಡ್ಡದೆಂದು ಗಣಿಸುವುದರಿಂದ, ‘ಇಲ್ಲ’ ಎಂದಿರುವವರಿಗೆ 1 ಬಂದು ಪತ್ರ ಹೋಗಿಬಿಡುತ್ತದೆ. ಅವನ್ನೆಲ್ಲ 0 ಎಂದು ತಿದ್ದಿ, ಅಥವಾ ಆ್ಯಂಡ್ ಸೂತ್ರದೊಳಗೆ, ಕೋಶದಲ್ಲಿರುವುದು ಅಂಕಿಯೇ ಎಂದು ನೋಡುವ ಈಸ್‌ನಂಬರ್ ಷರತ್ತನ್ನೂ ಸೇರಿಸಿ. ಮುದ್ರಿಸುವ ಮುನ್ನ ‘ಕಳುಹಿಸಿ’ ಕಾಲಂನ ಮೊತ್ತವನ್ನು ಕೂಡಿಸಿ ನೋಡಿ. ಮರ್ಜ್ ಆದ ಪತ್ರಗಳ ಸಂಖ್ಯೆ ಅಷ್ಟೇ ಇರಬೇಕು.